ಹಾಡಿನಡಿ ಮುಚ್ಚಿಹೋದ ದನಿ

ಮದುವೆ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವನು ಯಾರು ಅಂತ ಕೇಳಿ ನೋಡಿ, ಹೆಣ್ಣಿನ ಅಪ್ಪ ಅಂತಾರೆ. ಸುಳ್ಳು! ವಿಡಿಯೊದವನು. ಸಾಗರದ ಕಾಂತರಾಜ ಇಪ್ಪತ್ತು ವರ್ಷದಿಂದ ಸಾರಿನ ತಳ, ಆರಿದ ಅನ್ನ ಉಂಡುಕೊಂಡು ಬಂದವನು. ಮೊದಲು ಕ್ಯಾಮೆರಾದವರ ಪಕ್ಕ ಲೈಟು ಹಿಡಿದು ನಿಂತ, ಆಮೇಲೆ ಕ್ಯಾಮೆರಾ ಹಿಡಿದ, ಆಮೇಲೆ ಪೇಟೆಯ ಓಣಿಯೊಂದರಲ್ಲಿ ಪುಟ್ಟ ಅಂಗಡಿ ಹಾಕಿ ತೆಗೆದದ್ದನ್ನು ತಾನೇ ಕತ್ತರಿಸಿ, ಜೋಡಿಸಿ, ಮೇಲೆ ಸಿನಿಮಾ ಹಾಡು ಹಾಕಿ ಕೊಡುವಷ್ಟು ಬೆಳೆದ. ಹೆಂಡತಿ ವರದಾ ಅದೇ ಅಂಗಡಿಯಲ್ಲಿ ಕೂತು ಆಲ್ಬಮ್ ಮಾಡುತ್ತಾಳೆ. ಕಾಂತರಾಜ ಮಿತಭಾಷಿ, ಒಳ್ಳೆಯವನು. ಒಂದೇ ದೋಷ, ಅವಸರ.

ಅವಸರ ಇರಲೇಬೇಕು ಅನ್ನಿ. ಮುಹೂರ್ತಗಳೆಲ್ಲ ಏಪ್ರಿಲ್, ಮೇ ತಿಂಗಳಲ್ಲೇ ಬಂದು ಬೀಳುತ್ತವೆ. ಇವತ್ತು ಹೊಸನಗರ, ನಾಳೆ ತೀರ್ಥಹಳ್ಳಿ, ನಾಡಿದ್ದು ಹಿನ್ನೀರಿನಾಚೆ. ಕಂಪ್ಯೂಟರು ಮಾತ್ರ ಗರ್ಭಿಣಿಯ ನಡಿಗೆ ನಡೆಯುತ್ತಿತ್ತು. ಯೂಟ್ಯೂಬ್ ನೋಡಿ ಓವರ್‌ಕ್ಲಾಕ್ ಮಾಡುವುದನ್ನು ಕಲಿತ. ಅಂದರೆ, ಇಷ್ಟೇ ವೇಗದಲ್ಲಿ ಓಡು ಅಂತ ಕಂಪನಿ ಹೇಳಿ ಕಳಿಸಿದ ಯಂತ್ರವನ್ನು ಗದರಿಸಿ ಅದಕ್ಕಿಂತ ಜೋರಾಗಿ ಓಡಿಸುವುದು. ಪ್ರೊಸೆಸರನ್ನೂ ಓಡಿಸಿದ, ಕೆಲಸದ ನಡುವೆ ಎಲ್ಲವನ್ನೂ ಕ್ಷಣ ಹಿಡಿದಿಡುವ ರ್‍ಯಾಮನ್ನೂ ಓಡಿಸಿದ. ಪೆಟ್ಟಿಗೆ ಕಾಯತೊಡಗಿತು. ಅದರ ಪಕ್ಕದ ಬಾಗಿಲು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟ. ಆ ಗದ್ದಲದಲ್ಲಿ ಅಂಗಡಿಗೆ ಬಂದವರು ಕೂಗಿಯೇ ಮಾತಾಡಬೇಕು.

"ಇದ್ರ ಮೇಲೆ ದೋಸೆ ಹುಯ್ಬಹುದು ಕಣ್ರೀ. ಒಂದು ಒಳ್ಳೆ ಕೂಲರ್ ಹಾಕ್ಸಿ, ಸರಿಯಾದ ರ್‍ಯಾಮ್ ಹಾಕ್ಸಿ" ಎಂದು ವರದಾ ಹೇಳಿದ್ದಕ್ಕೆ ಲೆಕ್ಕವಿಲ್ಲ.

"ಸೀಸನ್ ಮುಗೀಲಿ ತಡಿ."

ಸೀಸನ್ ಮುಗಿದರೆ ಮಳೆ, ಮಳೆಗಾಲದಲ್ಲಿ ಪೆಟ್ಟಿಗೆ ಅಷ್ಟು ಕಾಯುವುದಿಲ್ಲ, ವಿಷಯ ಮರೆತುಹೋಗುತ್ತದೆ. ಆಗೀಗ ಪರದೆ ನೀಲಿಯಾಗಿ ನಿಂತುಬಿಡುತ್ತಿತ್ತು. ಒಂದು ಏಟು ಕೊಟ್ಟು ಮತ್ತೆ ಚಾಲೂ ಮಾಡುತ್ತಿದ್ದ.

ಹೀಗಿರುವಾಗ ಒಂದು ಬೆಳಗ್ಗೆ ಬ್ಯಾಕೋಡಿನ ಶೇಷಪ್ಪಗೌಡರು ಬಂದರು. ಮೂರು ವರ್ಷದ ಹಿಂದೆ ಇವರ ಮಗಳ ಮದುವೆಯ ವಿಡಿಯೊ ಮಾಡಿದ್ದು ಕಾಂತರಾಜನೇ. ಆಗ ಸೇತುವೆ ಆಗಿರಲಿಲ್ಲ. ಲಾಂಚಿನಲ್ಲಿ ಹಿನ್ನೀರು ದಾಟಿ ಹೋಗಿದ್ದ.

"ಓಹೋ, ಬನ್ನಿ ಬನ್ನಿ ಗೌಡ್ರೆ! ಮಗಳು ಹೇಗಿದಾಳೆ? ಚೆನ್ನಾಗಿದಾಳಾ?"

ಗೌಡರು ಫ್ಯಾನಿನ ಕಡೆ ನೋಡಿದರು. ಕೂಗಿ ಹೇಳುವ ಮಾತಾಗಿರಲಿಲ್ಲ ಅದು. ಕಾಂತರಾಜ ಫ್ಯಾನ್ ಆರಿಸಿದ.

"ಭವ್ಯಾ ಇಲ್ಲ ಕಾಂತಣ್ಣ. ಹೋದ ಬೇಸಿಗೇಲಿ ತೀರ್‍ಕಂಡ್ಳು. ಮಂಗನ ಕಾಯ್ಲೆ. ಜ್ವರ ಬಂದಿದ್ದು ಇಳೀಲೇ ಇಲ್ಲ."

ವರದಾಳ ಕೈಯ ಕತ್ತರಿ ನಿಂತಿತು. ಕಾಂತರಾಜ ಸ್ಟೂಲು ಎಳೆದು ಅವರ ಮುಂದಿಟ್ಟ. ಗೌಡರು ಕೂತು ಮುಂದುವರಿಸಿದರು.

"ಅವಳಮ್ಮ ದಿನಾ ನಿಮ್ಮ ಪೆನ್‌ಡ್ರೈವ್ ಹಾಕ್ಕೊಂಡು ಟೀವಿ ಮುಂದೆ ಕೂತ್ಕತಾಳೆ. ಮುಖ ಕಾಣತ್ತೆ, ನಗ್ತಾಳೆ, ಬಾಯಿ ಆಡತ್ತೆ. ದನಿ ಮಾತ್ರ ಇಲ್ಲ ಮಾರಾಯ್ರೆ. ಪೂರ್ತಿ ಹಾಡು. ಮೊನ್ನೆ ಅಂತಾಳೆ, ನಂಗೆ ಅವಳ ದನಿ ಮರ್ತು ಹೋಗ್ತಾ ಇದೆ ಅಂತ. ಅವಳ ಫೋನೂ ಆಸ್ಪತ್ರೆ ಓಡಾಟದಲ್ಲಿ ಎಲ್ಲೋ ಬಿದ್ದುಹೋಯ್ತು. ಆ ಹಾಡು ತೆಗ್ದು ಕೊಡಕ್ಕಾಗತ್ತಾ?"

"ಅಯ್ಯೋ, ಅದೆಂತ ದೊಡ್ಡ ಕೆಲಸ! ತೆಗ್ದಿದ್ದೆಲ್ಲ ಹಾಗೇ ಇಟ್ಟಿದೀನಿ. ಸಂಜೆ ಫೋನ್ ಮಾಡ್ತೀನಿ" ಅಂದುಬಿಟ್ಟ ಕಾಂತರಾಜ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದ್ದಾರೆಯೇ?

ಇಟ್ಟದ್ದು ನಿಜ. ಹಳೆಯ ಡಿಸ್ಕಿನಲ್ಲಿ ಆ ಮದುವೆ ಇತ್ತು. ಕೆಲವು ಫೈಲುಗಳು ತೆರೆದವು, ಅವುಗಳಲ್ಲಿ ಭವ್ಯಾ ತಲೆತಗ್ಗಿಸಿ ಹಸೆಯ ಮೇಲೆ ಕೂತಿದ್ದಾಳೆ, ಸುತ್ತ ಓಲಗ. ಲಾಂಚಿನ ಮೇಲೆ ಗಂಡನಿಗೆ ಏನೋ ಹೇಳುತ್ತಿದ್ದಾಳೆ, ಕೇಳುವುದು ಇಂಜಿನ್ ಮಾತ್ರ. ಉಳಿದ ಅರ್ಧಕ್ಕರ್ಧ ತೆರೆಯಲೇ ಇಲ್ಲ. ಒತ್ತಿದರೆ ಯಂತ್ರ ಬುಸುಗುಟ್ಟಿ, ನೀಲಿಯಾಗಿ, ನಿಂತುಬಿಡುತ್ತಿತ್ತು. ಆಗ ಎಡಿಟಿಂಗಿನಲ್ಲೂ ಇವು ತೆರೆದಿರಲಿಲ್ಲ; ಹಾಳಾಗಲಿ ಅಂತ ಬಿಟ್ಟು, ತೆರೆದವನ್ನೇ ಹೊಲಿದು ಹಾಡು ಹಾಕಿ ಕೊಟ್ಟಿದ್ದ.

ಯಂತ್ರಕ್ಕೆ ಶಕ್ತಿ ಸಾಲದು, ಅಷ್ಟೇ ಅಂದುಕೊಂಡ. ಇವತ್ತಲ್ಲ ನಾಳೆ ಅನ್ನದೆ ಈ ಸಲ ತರಿಸಿಯೇ ಬಿಟ್ಟ: ದುಪ್ಪಟ್ಟು ರ್‍ಯಾಮ್, ಟಿಫಿನ್ ಕ್ಯಾರಿಯರ್‌ನಷ್ಟು ಎತ್ತರದ ಕೂಲರ್, ಹೊಸ ಫ್ಯಾನುಗಳು. ಸಾಮಾನು ಬಂದ ದಿನ ಫೋನ್ ಮಾಡಿದ್ದಕ್ಕೆ ಗೌಡರು ಮತ್ತೆ ಬಂದು ಸ್ಟೂಲಿನ ಮೇಲೆ ಕೂತರು.

"ಎಂತ ಆಗಿದ್ದು ಇದಕ್ಕೆ?"

ಯಾರು ಕೇಳಿದರೂ 'ಪೆಟ್ಟಿಗೆಗೆ ಜ್ವರ ಬಂದಿದೆ' ಅನ್ನುವುದು ಕಾಂತರಾಜನ ರೂಢಿ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡ. "ಸ್ವಲ್ಪ ಹೆಚ್ಚು ದುಡಿಸಿದೀನಿ ಗೌಡ್ರೆ" ಅಂದ.

ಹೊಸದನ್ನು ಹಾಕುವ ಮುಂಚೆ ಹಳೆಯ ರ್‍ಯಾಮನ್ನು ತಾನು ಏರಿಸಿದ್ದ ಅದೇ ವೇಗದಲ್ಲಿ ಒಮ್ಮೆ ಪರೀಕ್ಷೆಗೆ ಹಚ್ಚಿದ. ಪೆಟ್ಟಿಗೆ ಬಿಸಿಯೇರಿದಂತೆ ಪರದೆಯ ಮೇಲೆ ಕೆಂಪು ಸಾಲು ಬಿತ್ತು. ಮತ್ತೊಂದು. ಆಮೇಲೆ ಸಾಲಿನ ಮೇಲೆ ಸಾಲು. ಒಂದೊಂದು ಸಾಲೂ ಒಂದೊಂದು ತಪ್ಪು. ಕ್ಯಾಮೆರಾದ ಕಾರ್ಡಿನಿಂದ ಡಿಸ್ಕಿಗೆ ಹೋಗುವುದೆಲ್ಲ ಈ ರ್‍ಯಾಮಿನ ಕೈ ದಾಟಿಯೇ ಹೋಗಬೇಕು. ಆ ಮೇ ತಿಂಗಳ ಸಂಜೆ ಬ್ಯಾಕೋಡಿನಿಂದ ಬಂದವನೇ ಕಾರ್ಡು ಹಾಕಿದ್ದ, ಫ್ಯಾನಿನ ಗಾಳಿಯೇ ಬಿಸಿಯಾಗಿತ್ತು. ನಾಳೆ ಹೊಸನಗರದ ಮದುವೆಗೆ ಬೇಕು ಅಂತ ಕಾಪಿ ಮುಗಿದದ್ದೇ ಕಾರ್ಡು ಅಳಿಸಿದ್ದ.

ಫೈಲುಗಳು ಆಗಲೇ ಕೆಟ್ಟಿರಬೇಕು ಅಂತ ಹೊಳೆಯಿತು. ಆದರೂ ಕೈ ನಿಲ್ಲಿಸಲಿಲ್ಲ. ಹಲ್ಲಿಮೊಟ್ಟೆಯ ಸಿಪ್ಪೆ, ಧೂಳು ಒರೆಸಿದ. ಪ್ರೊಸೆಸರಿನ ಮೇಲೆ ಒಣಗಿ ಬಿರಿದಿದ್ದ, ಬಿಸಿ ಎಳೆಯುವ ಹಳೆಯ ಪೇಸ್ಟ್ ಕೆರೆದು ಬಟಾಣಿಯಷ್ಟು ಹೊಸದು ಹಚ್ಚಿ ಕೂಲರ್ ಕೂರಿಸಿದ, ಹೊಸ ರ್‍ಯಾಮ್ ಹಾಕಿದ. ವೇಗವನ್ನು ಕಂಪನಿ ಹೇಳಿದಷ್ಟಕ್ಕೇ ಇಳಿಸಿದ. ಪೆಟ್ಟಿಗೆಯ ಬಾಗಿಲು ಮುಚ್ಚಿ ಚಾಲೂ ಮಾಡಿದರೆ ಸದ್ದೇ ಇಲ್ಲ. ಎಷ್ಟೋ ವರ್ಷದ ಮೇಲೆ ಆ ಅಂಗಡಿಯೊಳಗೆ ಹೊರಗಿನ ಬಸ್ಸಿನ ಹಾರನ್ ಕೇಳಿಸಿತು.

ತೆರೆಯದ ಫೈಲುಗಳನ್ನು ಒಂದೊಂದೇ ಒತ್ತಿದ. ಯಂತ್ರ ಈಗ ನೀಲಿಯಾಗಲಿಲ್ಲ. ತಣ್ಣಗೆ, ನೆಟ್ಟಗೆ, ಇದು ಹಾಳಾಗಿದೆ ಅಂತ ಹೇಳಿತು. ಮುಂದಿನದು, ಅದೂ ಹಾಳು. ಅದರ ಮುಂದಿನದೂ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಎಂದು ವರದಾ ಗೊಣಗಿದಳು. ಬೈಗುಳವಲ್ಲ, ಅವಳ ಕಣ್ಣು ತುಂಬಿತ್ತು.

"ಗೌಡ್ರೆ, ತಪ್ಪು ನಂದು" ಅಂದ ಕಾಂತರಾಜ. "ಬೇಗ ಆಗ್ಲಿ ಅಂತ ಮಷೀನನ್ನ ಮಿತಿ ಮೀರಿ ಓಡಿಸ್ದೆ. ಅವತ್ತು ಕಾಪಿ ಮಾಡುವಾಗ್ಲೇ ಕೆಟ್ಟಿದೆ. ಈಗ ಎಂತ ಹಾಕಿದ್ರೂ ಬರಲ್ಲ." ಹೇಳುವಾಗ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೇರೆಯವರು ತಮ್ಮ ಮಗಳ ದನಿಯನ್ನು ಜೋಪಾನ ಮಾಡಲು ಕೊಟ್ಟಿದ್ದರು, ಅವನು ಕಾಪಾಡಲಿಲ್ಲ.

ಗೌಡರು ರೇಗಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಒಂದೂ ಇಲ್ವಾ? ಅವಳಮ್ಮಂಗೆ ಎಂತ ಹೇಳ್ಲಿ?"

ಕೊನೆಯದೊಂದು ಉಳಿದಿತ್ತು. ಒತ್ತಿದ. ಪರದೆಯಲ್ಲಿ ಹಸಿರು ಚೌಕಗಳು ಹರಿದಾಡಿ, ಚಿತ್ರ ಅಲುಗಾಡುತ್ತಾ ನಿಂತಿತು. ಊಟದ ಪಂಕ್ತಿ. ಎಲೆಯ ಮುಂದೆ ಭವ್ಯಾ, ಹಣೆಯ ಮೇಲೆ ಬಾಸಿಂಗದ ಗುರುತು. ನೇರ ಕ್ಯಾಮೆರಾ ನೋಡಿ ನಕ್ಕಳು.

"ಕಾಂತಣ್ಣ, ನಿಮ್ದು ಊಟ ಆಯ್ತಾ? ಇಲ್ಲ ಅಲ್ದಾ? ಬೆಳಗ್ಗಿಂದ ನೋಡ್ತಾ ಇದೀನಿ. ಆ ಕ್ಯಾಮೆರಾ ಆಚೆಗಿಡಿ ಮಾರಾಯ್ರೆ." ಆಮೇಲೆ ಪಕ್ಕಕ್ಕೆ ತಿರುಗಿ ಗಟ್ಟಿಯಾಗಿ, "ಅಪ್ಪಯ್ಯಾ! ಇವ್ರಿಗೊಂದು ಎಲೆ ಹಾಕ್ಸು!"

ಅಲ್ಲಿಗೆ ಚಿತ್ರ ಒಡೆದು ನಿಂತಿತು.

"ಹಾಕ್ಸ್ತೀನಿ ಮಗಾ" ಅಂದರು ಗೌಡರು, ಪರದೆಗೆ. ಅಂದ ಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸದ್ದಿಲ್ಲದ ಆ ಅಂಗಡಿಯಲ್ಲಿ ಅವರ ಅಳು ಓಣಿಯವರೆಗೂ ಕೇಳಿತು. ವರದಾ ನೀರು ತಂದು ಪಕ್ಕದಲ್ಲಿಟ್ಟಳು.

ಗೌಡರು ಮುಖ ಒರೆಸಿಕೊಂಡು ತಲೆಯೆತ್ತಿದರು. "ಕಾಂತಣ್ಣ, ನಂಗೆ ನೆನಪಾಗ್ತಿಲ್ಲ. ಅವತ್ತು ನಾನು ನಿಮ್ಗೆ ಎಲೆ ಹಾಕ್ಸಿದ್ನಾ?"

ಹಾಕಿಸಿರಲಿಲ್ಲ. ಬೀಗರ ಸಂಭ್ರಮದಲ್ಲಿ ಗೌಡರಿಗೆ ಆ ಕೂಗು ಕೇಳಿಯೇ ಇರಲಿಲ್ಲ. ಕಾಂತರಾಜನೂ ಮದುಮಕ್ಕಳು ಹೊರಟಿದ್ದ ಕಡೆಯ ಲಾಂಚ್ ತಪ್ಪುತ್ತದೆ ಅಂತ ಓಡಿದ್ದ. ಯಾರೋ ಕೊಟ್ಟ ಎರಡು ಬಾಳೆಹಣ್ಣನ್ನು ಹಿನ್ನೀರಿನ ನಡುವೆ ನಿಂತು ತಿಂದಿದ್ದ. ಅದು ಅವನಿಗೆ ಚೆನ್ನಾಗಿ ನೆನಪಿತ್ತು.

"ಹಾಕ್ಸಿದ್ರಿ ಗೌಡ್ರೆ" ಅಂದ. "ನೀವೇ ನಿಂತು ಬಡಿಸ್ದ್ರಿ. ಪಾಯಸ ಎರಡು ಸಲ."

ಗೌಡರು ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. "ಹಂಗಾದ್ರೆ ಸರಿ. ಅವಳ ಮಾತನ್ನ ನಾನು ಯಾವತ್ತೂ ತೆಗ್ದು ಹಾಕ್ದವನಲ್ಲ" ಅಂದರು. ಆಮೇಲೆ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, "ಇನ್ನೊಂದ್ಸಲ ಹಾಕಿ" ಅಂದರು.