ಡಾಕ್ಟರು ಹೇಳಿದ ಐದು ವರ್ಷ

ಮಲಾಂಗ್ ಊರಿನಲ್ಲಿ ಮದುವಣಗಿತ್ತಿಯರಿಗೆ ಕೆಬಾಯಾ ರವಿಕೆ ಹೊಲಿಯುತ್ತಿದ್ದ ಎಲ್ಲರೂ ‘ಬು’, ಅಂದರೆ ಅಮ್ಮ, ಎನ್ನುತ್ತಿದ್ದ ವುರ್ಯಾನಿಗೆ ಐವತ್ತಾರನೇ ವಯಸ್ಸಿನಲ್ಲಿ ತೊಡೆಯೊಳಗೆ ಗಡ್ಡೆ ಎದ್ದಿತು. ನೋವಿರಲಿಲ್ಲ. ಮೆಷಿನ್ ತುಳಿಯಲು ಅಡ್ಡವಾಗುತ್ತದೆಂದು ಆಸ್ಪತ್ರೆಗೆ ತೋರಿಸಲು ಹೋದಳು. ತುಣುಕು ತೆಗೆದು ಪರೀಕ್ಷೆ ಮಾಡಿದರು. ಕೊಬ್ಬಿನಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್ ಎಂದು ಬಂತು.

"ಇಂಥದ್ದು ನಾನು ಇಬ್ಬರಲ್ಲಿ ಮಾತ್ರ ನೋಡಿದೀನಿ," ಎಂದರು ಡಾಕ್ಟರು.

"ಅವರು ಹೇಗಿದಾರೆ?"

"ಒಬ್ಬರು ಕಲಿಮಂಟಾನ್ ದ್ವೀಪಕ್ಕೆ ಹೊರಟು ಹೋದ್ರು. ಇನ್ನೊಬ್ಬರು ಬರೋದು ನಿಲ್ಲಿಸಿದ್ರು."

ಆಮೇಲೆ ಐದು ವರ್ಷ, ನೂರಕ್ಕೆ ಅರವತ್ತು ಎಂದೇನೋ ಹೇಳಿದರು. ಪಕ್ಕದಲ್ಲಿದ್ದ ಗಂಡ ಸುದರ್ಮಾಜಿಯ ಕಿವಿಗೆ ಬಿದ್ದದ್ದು ಐದು ವರ್ಷ ಮಾತ್ರ. ಸಂಜೆಯೊಳಗೆ ಗಲ್ಲಿಗೆಲ್ಲ ಗೊತ್ತಾಯಿತು. ನೆರೆಯವರು ಅನ್ನ, ಕರಿದ ಸೋಯಾ ತೆಂಪೆ ತಂದು ಕೊಟ್ಟು ಮುಖ ನೋಡಿಕೊಂಡು ಹೋದರು.

"ನನ್ನ ಮಗಳ ಮದುವೆ ಇನ್ನೂ ನಾಲ್ಕು ವರ್ಷಕ್ಕೆ, ಬು," ಎಂದು ಒಬ್ಬಾಕೆ ರಾಗ ಎಳೆದಳು.

"ನಾಲ್ಕು ತಾನೆ? ಸಿಗ್ತೀನಿ."

ಮುಂದಿನ ವಾರ ಸುದರ್ಮಾಜಿ ಒಂದು ಪೊಟ್ಟಣ ತಂದು ಕಪಾಟಿನ ಮೇಲಿಟ್ಟ. ಬಿಚ್ಚಿದರೆ ಹೆಣಕ್ಕೆ ಸುತ್ತುವ ಬಿಳಿ ಕಫನ್ ಬಟ್ಟೆ. ವುರ್ಯಾನಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಒಗೆದ್ರೆ ಕುಗ್ಗುತ್ತೆ ರೀ ಇದು."

"ಒಗೆಯೋದೆಲ್ಲಿ ಬಂತು, ಬು," ಎಂದವನು ಬಾಗಿಲಿಗೆ ಮುಖ ಮಾಡಿ ಅಳತೊಡಗಿದ. ಮದುವೆಯಾದ ಮೂವತ್ತು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ.

ಮಾರನೇ ದಿನ ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು.

"ಡಾಕ್ಟ್ರೇ, ಐದು ವರ್ಷ ಅಂದ್ರೆ ಐದೇನಾ?"

"ಅಯ್ಯೋ, ಅದು ನಿಮ್ಮ ಗಡುವಲ್ಲಮ್ಮ. ಈ ಕಾಯಿಲೆ ಬಂದ ನೂರು ಜನದಲ್ಲಿ ಅರವತ್ತು ಜನ ಐದು ವರ್ಷ ಕಳೆದ ಮೇಲೂ ಬದುಕಿದ್ರು. ಎಣಿಸಿದ್ದು ಅಲ್ಲೀವರೆಗೆ, ಅಷ್ಟೆ. ಆಮೇಲೂ ಎಷ್ಟೋ ಜನ ಇರ್ತಾರೆ."

"ನಾನು ಅರವತ್ತರಲ್ಲೋ, ನಲವತ್ತರಲ್ಲೋ?"

"ಗೊತ್ತಿಲ್ಲ. ಆಪರೇಷನ್‌ನಲ್ಲಿ ಗಡ್ಡೆ ಪೂರ್ತಿ ತೆಗೆಯೋಕಾದ್ರೆ ಒಳ್ಳೇದು."

ಗೊತ್ತಿಲ್ಲ ಎಂದು ಹೇಳಿದ ಡಾಕ್ಟರು ಅವಳಿಗೆ ಹಿಡಿಸಿದರು. ಅಲ್ಲೇ ಆಪರೇಷನ್‌ಗೆ ಒಪ್ಪಿಕೊಂಡಳು.

ಗಡ್ಡೆಯ ಜತೆ ಒಂದಿಷ್ಟು ಮಾಂಸಖಂಡವೂ ಹೋಯಿತು. ಕರೆಂಟು ಚಿಕಿತ್ಸೆ, ಅಂದರೆ ರೇಡಿಯೇಷನ್, ಎರಡು ತಿಂಗಳು ನಡೆಯಿತು. ಕಾಲು ಕುಂಟಾಯಿತು, ಮೆಷಿನ್‌ಗೆ ಮೋಟಾರು ಬಂತು.

ಈಗ ಏಳನೇ ವರ್ಷ. ಸ್ಕ್ಯಾನಿನ ವಾರ ಬಂದರೆ ಅವಳಿಗೆ ಇಂದಿಗೂ ಅನ್ನ ಸೇರುವುದಿಲ್ಲ. ರವಿಕೆಯ ತೋಳು ತಿರುಗಾಮುರುಗಾ ಹೊಲಿದು ಮತ್ತೆ ಬಿಚ್ಚುತ್ತಾಳೆ. ಸುದರ್ಮಾಜಿಯನ್ನು ಡಾಕ್ಟರ ಕೋಣೆಗೆ ಬಿಡುವುದಿಲ್ಲ. ಅವನು ಹೊರಗೆ ಬೆಂಚಿನ ಮೇಲೆ ಚೀಲ ಕಾಯುತ್ತಾನೆ.

"ಏನಂದ್ರು?" ಎಂದ ಮೊನ್ನೆ.

"ಏನೂ ಇಲ್ವಂತೆ. ಆರು ತಿಂಗಳು ಬಿಟ್ಟು ಬನ್ನಿ ಅಂದ್ರು."

"ಆರೇ ತಿಂಗಳಾ?" ಅವನ ಮುಖ ಬಿಳಿಚಿಕೊಂಡಿತು.

ವುರ್ಯಾನಿ ಅವನನ್ನು ಎದುರಿನ ಅಂಗಡಿಗೆ ಕರೆದುಕೊಂಡು ಹೋಗಿ, ಐಸ್ ಹಾಕಿದ ಚಹಾ ಕುಡಿಸಿ, ಮೊದಲಿನಿಂದ ಬಿಡಿಸಿ ಹೇಳಿದಳು.