ತಕ್ಕಮಟ್ಟಿಗೆ ಚೆನ್ನಾಗಿದ್ದ ಸಿನೆಮಾ

ಸವಣೂರಿನ ಹೆಣ್ಣುಮಕ್ಕಳ ಸಾಲಿಯಲ್ಲಿ ಏಳನೇ ಇಯತ್ತೆ ಓದುವಾಗ ನನಗೆ ಇದ್ದದ್ದು ಒಬ್ಬಳೇ ಗೆಳತಿ. ಅವಳ ಮೇಲೆ ನನಗೆ ಜೀವ ಇತ್ತು. ಆದರೆ ಹೊಟ್ಟೆಕಿಚ್ಚು ಅದಕ್ಕಿಂತ ಹೆಚ್ಚು ಇತ್ತು. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ.

ಅವಳ ಅಪ್ಪ ಯಲವಿಗಿಯ ರೈಲ್ವೆ ಸ್ಟೇಷನ್ ಮಾಸ್ತರರು. ಅಲ್ಲಿ ದೊಡ್ಡ ಸಾಲಿ ಇರಲಿಲ್ಲವೆಂದು ಅವಳನ್ನು ಸವಣೂರಿನ ಸೋದರತ್ತೆಯ ಮನೆಯಲ್ಲಿ ಇಟ್ಟಿದ್ದರು. ಶನಿವಾರ ಅರ್ಧ ದಿನದ ಸಾಲಿ ಮುಗಿಯುತ್ತಲೇ ಅವಳು ಊರಿಗೆ ಹೋಗುವಳು. ಭಾನುವಾರ ರಜೆ ಸಿಕ್ಕಾಗೆಲ್ಲ ಅಪ್ಪ ಅವಳನ್ನು ರೈಲಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದು ಮಧ್ಯಾಹ್ನದ ಆಟದ ಸಿನೆಮಾ ತೋರಿಸುತ್ತಿದ್ದರು. ರೈಲ್ವೆಯವರಾದ್ದರಿಂದ ಓಡಾಟದ ಚಿಂತೆ ಇರಲಿಲ್ಲ. ಇದು ಅತ್ತೆಗೆ ಗೊತ್ತಿರಲಿಲ್ಲ. "ನಮ್ಮ ಅತ್ತಿ ಮುಂದ ಬಾಯಿ ಬಿಡಬ್ಯಾಡ" ಎಂದು ಅವಳು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ನಾನು ವೀಳ್ಯದೆಲೆ ತೋಟದವರ ಮಗಳು. ಅಪ್ಪ ಬೆಳಗಾದರೆ ಎಲೆಬಳ್ಳಿಯ ಸಾಲಿನಲ್ಲಿ, ಅವ್ವ ಎಲೆ ಎಣಿಸಿ ಕಟ್ಟು ಕಟ್ಟುವುದರಲ್ಲಿ. ಸಿನೆಮಾ ಎಂದರೆ ನನಗೆ ಗೋಡೆಗೆ ಅಂಟಿಸಿದ ಬಣ್ಣದ ಕಾಗದ, ಅಷ್ಟೇ. ಆದರೆ ಕನ್ನಡ ಪ್ರಬಂಧದಲ್ಲಿ ಇಡೀ ವರ್ಗಕ್ಕೆ ನಾನೇ ಮುಂದು. ಅವಳು ಬರುವ ತನಕ.

ಒಂದು ದಿನ ಕನ್ನಡ ಕಲಿಸುವ ಅಕ್ಕೋರು ಹಲಗೆಯ ಮೇಲೆ 'ತಕ್ಕಮಟ್ಟಿಗೆ' ಎಂದು ಬರೆದರು. ಇದು ಕ್ರಿಯಾವಿಶೇಷಣ, ಇದನ್ನು ಬಳಸಿ ಎರಡು ವಾಕ್ಯ ಬರೆಯಿರಿ ಎಂದರು. ಎಲ್ಲರೂ ಮಳೆ ತಕ್ಕಮಟ್ಟಿಗೆ ಆಯಿತು, ಬೆಳೆ ತಕ್ಕಮಟ್ಟಿಗೆ ಬಂತು ಎಂದು ಬರೆದೆವು. ಅವಳು ಎದ್ದು ನಿಂತು ಓದಿದಳು: "ನಾನು ಮೊನ್ನೆ ನೋಡಿದ ಚಿತ್ರವು ತಕ್ಕಮಟ್ಟಿಗೆ ಚೆನ್ನಾಗಿತ್ತು. ನಾಯಕಿಯು ಅಳುವಾಗ ತಕ್ಕಮಟ್ಟಿಗೆ ಅತ್ತಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು."

ಅಕ್ಕೋರು ಸೀರೆಯ ಸೆರಗನ್ನು ಬಾಯಿಗೆ ಹಿಡಿದು ನಕ್ಕರು. "ನೋಡ್ರಿ, ಮಾತನ್ನ ಹಿಂಗ ತೂಗಿ ಇಡಬೇಕು" ಎಂದರು.

ಎಲ್ಲರೂ ನಕ್ಕರು. ಒಂದೇ ಒಂದು ಸಿನೆಮಾ ಸಿಕ್ಕಿದ್ದರೆ ನಾನು 'ಭಾಳ ಚಲೋ ಇತ್ತು, ಭಾಳ ಭಾಳ ಚಲೋ ಇತ್ತು' ಎಂದು ಊರೆಲ್ಲ ಸಾರುತ್ತಿದ್ದೆ. ಇವಳಿಗೆ ತಕ್ಕಮಟ್ಟಿಗೆ ಅನ್ನುವಷ್ಟು ಸಿನೆಮಾ! ಹೊಟ್ಟೆ ತುಂಬಿದವರು ಹೋಳಿಗೆಗೆ ಹೆಸರಿಟ್ಟ ಹಾಗೆ.

ಮುಂದಿನ ವಾರ ಅಕ್ಕೋರು, ನಾವು ಕಣ್ಣಾರೆ ನೋಡಿದ ಯಾವುದಾದರೂ ಒಂದರ ಬಗ್ಗೆ ಒಂದು ಪುಟ ಬರೆದು ತರಲು ಹೇಳಿದರು, ಆ ಪದವೂ ಬರಬೇಕೆಂದರು. ಗೆಳತಿ ತಾನು ನೋಡಿದ್ದ ಒಂದು ಚಿತ್ರದ ಹಾಡಿನ ಪುಸ್ತಕವನ್ನು ನನಗೆ ಓದಲು ಕೊಟ್ಟಿದ್ದಳು. ಅದರ ಮೊದಲ ಪುಟದಲ್ಲಿ ಕಥೆಯ ಸಾರಾಂಶ ಇತ್ತು. ಬಡ ತಾಯಿ, ಮನೆ ಬಿಟ್ಟು ಹೋದ ಮಗ, ಜಡ್ಡು ಬಿದ್ದ ತಾಯಿಯನ್ನು ಹುಡುಕಿಕೊಂಡು ಅವನು ತಿರುಗಿ ಬರುವುದು. ಅಲ್ಲಿಗೆ ನಿಂತಿತ್ತು, ಉಳಿದದ್ದನ್ನು ತೆರೆಯ ಮೇಲೆ ನೋಡಿರಿ ಎಂದಿತ್ತು. ಉಳಿದದ್ದನ್ನು ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನೋಡಿದೆ. ಜಡ್ಡು ಬಿದ್ದ ತಾಯಿ ಸಾಯದೆ ಇನ್ನೇನಾದಾಳು? ಸಾಯಿಸಿದೆ. 'ಮಗನು ತಿರುಗಿ ಬಂದ ಮೇಲೆ ಆದ ತಾಯಿಯ ಮರಣವು ತಕ್ಕಮಟ್ಟಿಗೆ ದುಃಖಕರವಾಗಿತ್ತು' ಎಂದು ಮುಗಿಸಿದೆ.

ವರ್ಗದಲ್ಲಿ ನನ್ನದನ್ನು ಓದಿಸಿದರು. ಅಕ್ಕೋರು ಹುಬ್ಬು ಏರಿಸಿ, "ನೀ ಯಾವಾಗ ನೋಡಿದಿ?" ಎಂದರು. "ಹುಬ್ಬಳ್ಳ್ಯಾಗರಿ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಗೆಳತಿಯ ಕಡೆ ತಿರುಗಿ, "ನೀ ಈ ಸಿನೆಮಾ ನೋಡೀಯೇನು? ತಾಯಿ ಸಾಯ್ತಾಳೇನು?" ಎಂದು ಕೇಳಿದರು.

ಅವಳು ನನ್ನ ಮುಖ ನೋಡಿದಳು. ಆಮೇಲೆ ಎದ್ದು ನಿಂತಳು.

"ಹೌದ್ರಿ ಅಕ್ಕೋರ, ಸಾಯ್ತಾಳ್ರಿ. ಮಗ ನೀರು ತರಾಕ ಹೋಗಿರ್ತಾನ್ರಿ. ತಂಬಿಗಿ ಹಿಡಕೊಂಡು ಬರೂದ್ರಾಗ ಕಣ್ಣು ಮುಚ್ಚಿರ್ತಾಳ್ರಿ. ಅವ ಆ ನೀರನ್ನ ಚೆಲ್ಲೂದಿಲ್ರಿ. 'ಅವ್ವ ಎದ್ದ ಮ್ಯಾಲ ಕುಡೀತಾಳ' ಅಂತ ಮಗ್ಗಲದಾಗ ಇಟ್ಟು ಕುಂಡ್ರತಾನ್ರಿ."

ಮುಂದಿನ ಸಾಲಿನ ಹುಡುಗಿ ಬಿಕ್ಕಿ ಅತ್ತಳು. ಅವಳ ಹಿಂದೆ ಇನ್ನಿಬ್ಬರು. ಅಕ್ಕೋರ ಕಣ್ಣೂ ಒದ್ದೆಯಾದವು. ನನ್ನ ಪಾಟಿಯ ಚೀಲ ತೊಡೆಯ ಮೇಲೆ, ನನ್ನ ಪ್ರಬಂಧ ಮೇಜಿನ ಮೇಲೆ; ಅದನ್ನು ಯಾರೂ ಕೇಳಲಿಲ್ಲ. ಬರೆದವಳು ನಾನು, ಅಳಿಸಿದವಳು ಅವಳು. ನನ್ನನ್ನು ಉಳಿಸಿದಳು ಎಂಬುದು ಆ ಹೊತ್ತು ತಲೆಗೆ ಬರಲೇ ಇಲ್ಲ. ನನ್ನ ಊಹೆ ನಿಜವಾಗಿತ್ತು ಎಂದುಕೊಂಡೆ, ಆ ನಿಜವನ್ನೂ ಇವಳು ಕಸಿದುಕೊಂಡಳಲ್ಲ ಎಂದು ಉರಿದೆ.

ಆ ಭಾನುವಾರ ಅವ್ವ ಒಂದು ಕಟ್ಟು ಎಲೆ ಕೊಟ್ಟು, "ನಿನ್ನ ಗೆಳತಿಯ ಅತ್ತೀಗೆ ಕೊಟ್ಟು ಬಾ" ಎಂದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಅತ್ತೆ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಕೂತು ಅಕ್ಕಿಯ ಹರಳು ಆರಿಸುತ್ತಿದ್ದರು.

"ಬಾ ಕೂಸ, ನಿನ್ನ ಗೆಳತಿ ಊರಿಗೆ ಹೋಗ್ಯಾಳ" ಎಂದರು.

"ಗೊತ್ತೈತ್ರಿ ಅವ್ವಾರ. ಈ ಸಲ ಹುಬ್ಬಳ್ಳ್ಯಾಗ ಯಾವ ಸಿನೆಮಾ ಬಂದೈತೋ ಏನೋ."

ಅವರ ಕೈ ಅಕ್ಕಿಯಲ್ಲೇ ನಿಂತಿತು. "ಯಾವ ಸಿನೆಮಾ?"

"ಅಯ್ಯ, ನಿಮಗ ಗೊತ್ತಿಲ್ಲೇನ್ರಿ?" ಎಂದೆ. ನನ್ನ ದನಿ ಎಷ್ಟು ಮುಗ್ಧವಾಗಿತ್ತೆಂದರೆ ನನಗೇ ಮೆಚ್ಚುಗೆಯಾಯಿತು.

ಅತ್ತೆ ತಮ್ಮ ಗಂಡನ ಕಡೆಯ ಹಿರೇಕೆರೂರಿನ ಹುಡುಗನಿಗೆ ಅವಳನ್ನು ತರುವ ಮಾತು ಆಗಲೇ ತೆಗೆದಿದ್ದರು. ಸಿನೆಮಾ ನೋಡುವ ಹುಡುಗಿ ಎಂದು ಬೀಗರ ಕಿವಿಗೆ ಬಿದ್ದರೆ ಕೆಟ್ಟಿತು ಎಂದು ಅಣ್ಣನೊಡನೆ ಜಗಳಕ್ಕೆ ನಿಂತರು. ಅಣ್ಣನೂ ಸಿಟ್ಟಿನವರು. "ನನ್ನ ಮಗಳು ನಿನ್ನ ಮನ್ಯಾಗ ಇರೂದ ಬ್ಯಾಡ" ಎಂದು ಹಾಸಿಗೆ, ಟ್ರಂಕು ಎತ್ತಿಸಿದರು. ಏಳನೇ ಇಯತ್ತೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆಗೆ ಇನ್ನು ಎರಡು ತಿಂಗಳು ಇತ್ತು.

ಅವಳ ಅಪ್ಪ ಸಾಲಿಯೊಳಗೆ ಹೆಸರು ತೆಗೆಸಿ ದಾಖಲೆ ಬರೆಸಿಕೊಳ್ಳುತ್ತಿರುವಾಗ ಅವಳು ಜಗುಲಿಯ ಕಂಬದ ಹತ್ತಿರ ನನ್ನನ್ನು ಹಿಡಿದಳು.

"ನೀನ ಹೇಳಿದ್ದು, ಹೌದಲ್ಲ?"

"ಇಲ್ಲ."

"ಆ ಸಿನೆಮಾದಾಗ ತಾಯಿ ಸಾಯೂದ ಇಲ್ಲ. ಮಗನ ಮದವಿಯೊಳಗ ನಗಕೋತ ಅಕ್ಕಿಕಾಳು ಹಾಕ್ತಾಳ. ನಿನ್ನ ಸಲುವಾಗಿ ನಾ ಆಕೀನ ಸಾಯಿಸಿದೆ" ಎಂದಳು. ನನ್ನ ಉತ್ತರಕ್ಕೆ ಕಾಯದೆ ಅಪ್ಪನ ಹಿಂದೆ ನಡೆದಳು.

ಮುಲ್ಕಿಯಲ್ಲಿ ಸಾಲಿಗೆ ನಾನೇ ಮೊದಲು ಬಂದೆ. ಮುಂದೆ ಓದಿ, ಟ್ರೇನಿಂಗ್ ಮುಗಿಸಿ ಶಿಗ್ಗಾಂವಿಯ ಸಾಲಿಯಲ್ಲಿ ನಾನೂ ಅಕ್ಕೋರಾದೆ. ಅವಳು ಪರೀಕ್ಷೆಗೆ ಕೂಡಲೇ ಇಲ್ಲ ಎಂದು ಕೇಳಿದ್ದೆ. ಅಣ್ಣ ತಂಗಿ ರಾಜಿಯಾದ ಮೇಲೆ ಅದೇ ಹಿರೇಕೆರೂರಿಗೆ ಕೊಟ್ಟರಂತೆ. ನನಗೆ ಕೈಯಲ್ಲಿ ಪಗಾರ ಬಂದಿತ್ತು, ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಬಸ್ಸುಗಳಿದ್ದವು. ಜೊತೆಯ ಅಕ್ಕೋರುಗಳೊಡನೆ ತಿಂಗಳಿಗೊಂದು ಸಿನೆಮಾ ನೋಡುತ್ತಿದ್ದೆ. ನೋಡಿ ಬಂದು ಚಲೋ ಇತ್ತು ಅನ್ನುತ್ತಿದ್ದೆ. ಅದಕ್ಕಿಂತ ಹೆಚ್ಚಿಗೆ ನನ್ನ ಬಾಯಿಗೆ ಏನೂ ಬರುತ್ತಿರಲಿಲ್ಲ.

ಏಳೆಂಟು ವರ್ಷಗಳ ಮೇಲೆ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಹಿರೇಕೆರೂರಿಗೆ ಹಾಕಿದರು. ವಿಚಾರಿಸಿಕೊಂಡು ಅವಳ ಮನೆಗೆ ಹೋದೆ. ಏನು ನೋಡಲು ಹೋದೆನೋ ನನಗೇ ಗೊತ್ತಿಲ್ಲ. ಸೊರಗಿದವಳನ್ನು ನೋಡಿ ಪಶ್ಚಾತ್ತಾಪ ಪಡಬೇಕೆಂದಿತ್ತೇನೋ.

ಅವಳು ಸೊರಗಿರಲಿಲ್ಲ. ಹಿತ್ತಲಲ್ಲಿ ಏಳೆಂಟು ಹೆಂಗಸರು ಸುತ್ತ ಕೂತು ಶಾವಿಗೆ ಹೊಸೆಯುತ್ತಿದ್ದರು. ನಡುವೆ ಅವಳು ಕಥೆ ಹೇಳುತ್ತಿದ್ದಳು. ನನ್ನನ್ನು ಕಂಡು ಕಥೆ ನಿಲ್ಲಿಸಿ ಎದ್ದಳು. ಆಮೇಲೆ "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸಿದಳು. ನನಗೆ ಬಹುವಚನ ಹಚ್ಚಿದ್ದಳು.

ಮದುವೆಯಾದಾಗಿನಿಂದ ಅವಳು ಒಂದು ಸಿನೆಮಾವನ್ನೂ ನೋಡಿರಲಿಲ್ಲ. ಹೆಂಗಸರು ನಾನು ಹುಬ್ಬಳ್ಳಿಯಲ್ಲಿ ಸಿನೆಮಾ ನೋಡುವವಳೆಂದು ತಿಳಿದು, ಹೊಸದೊಂದು ಹೇಳಿರೆಂದು ಗಂಟುಬಿದ್ದರು. ಹಿಂದಿನ ವಾರ ನೋಡಿದ್ದನ್ನು ಹೇಳತೊಡಗಿದೆ. ಒಬ್ಬ ಇದ್ದ, ಒಬ್ಬಳು ಇದ್ದಳು, ಜಗಳ ಆಯಿತು. ಒಬ್ಬಾಕೆ ಆಕಳಿಸಿದಳು. ಆಗ ಗೆಳತಿ, "ಆಕೀ ಬಾಗಿಲಾ ತೆಗದಾಗ ಹೊರಗ ಯಾರಿದ್ರು?" ಎಂದು ನನ್ನನ್ನೇ ಕೇಳಿದಳು. ನನಗೆ ನೆನಪಿರಲಿಲ್ಲ. ಅವಳೇ ಹೇಳಿದಳು. ನಾನು ನೋಡಿದ, ಅವಳು ನೋಡದ ಸಿನೆಮಾವನ್ನು ಮುಗಿಯುವ ತನಕ ಅವಳೇ ಹೇಳಿದಳು.

"ಹಂಗ ಇಲ್ಲ ಅದು" ಎಂದೆ ನಡುವೆ.

"ಸುಮ್ಮಿರ್ರೀ ಅಕ್ಕೋರ, ಕೇಳೂಣು" ಎಂದರು ಹೆಂಗಸರು.

ಬಸ್ ಸ್ಟ್ಯಾಂಡಿನ ತನಕ ಅವಳು ಬಂದಳು. "ಅವತ್ತ ನಿಮ್ಮ ಅತ್ತಿ ಮುಂದ ನಾನ ಹೇಳಿದ್ದು" ಎಂದೆ.

"ಗೊತ್ತೈತಿ."

"ಸಿಟ್ಟು ಐತೇನು?"

"ಮುಲ್ಕಿ ಕೂಡಬೇಕಿತ್ತು ನಾನು" ಎಂದಳು. ಬಸ್ಸು ಬಂತು. ಹತ್ತಿದ ಮೇಲೆ ಕಿಟಕಿಯಿಂದ ನೋಡಿದೆ. ಅವಳು ಆಗಲೇ ಮನೆಯ ಕಡೆ ತಿರುಗಿದ್ದಳು.

ಮರುವರ್ಷವೂ ನನ್ನ ಹೆಸರು ಹಿರೇಕೆರೂರಿಗೇ ಬಂತು. ಸಾಹೇಬರನ್ನು ಕಂಡು ಬೇಡಿಕೊಂಡು ಹಾನಗಲ್ಲಿಗೆ ಬದಲಿಸಿಕೊಂಡೆ.