ಆಷಾಢದಲ್ಲಿ ಸೀತತ್ತೆ

ಆಷಾಢದ ಮೊದಲ ದಿನ ಸೀತತ್ತೆ ಮನೆ ಗುಡಿಸಿ, ದೇವರಿಗೆ ದೀಪ ಹಚ್ಚಿ, ಚಾಪೆ ಸುತ್ತಿಕೊಂಡು ನಮ್ಮ ಮನೆಗೆ ಬಂದುಬಿಡುತ್ತಿದ್ದರು. ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ತಿಂಗಳು ಮುಗಿಯುವವರೆಗೂ ಎದುರಿಗೇ ಇದ್ದ ಆ ಮನೆಗೆ ಕಾಲಿಡುತ್ತಿರಲಿಲ್ಲ.

ಅದು ಎಂಬತ್ತರ ದಶಕದ ಕೊನೆ. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ವಿಶಾಖಪಟ್ಟಣದ ಗಾಜುವಾಕದಲ್ಲಿದ್ದೆವು. ಬೀದಿಯಲ್ಲಿ ಕನ್ನಡದವರೆಂದರೆ ನಾವು ಮತ್ತು ತುಮಕೂರು ಕಡೆಯ ಸೀತತ್ತೆ. ಸಂಬಂಧವಿಲ್ಲದಿದ್ದರೂ ನನಗವರು ಅತ್ತೆ. ತರಕಾರಿಯವನ ಜೊತೆ ತುಮಕೂರಿನ ರಾಗದಲ್ಲೇ ತೆಲುಗು ಜಗಳವಾಡಿ, ಗೆದ್ದು ಬಂದು ನಗುತ್ತಿದ್ದರು.

ಅವರ ಸೊಸೆ ವರಲಕ್ಷ್ಮಿ ತೆಲುಗಿನವಳು, ತಾಯಿಯಿಲ್ಲದವಳು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಸೀತತ್ತೆ ಹಟ ಹಿಡಿದು, ಅವಳನ್ನು ಭೀಮುನಿಪಟ್ಟಣದ ದೂರದ ನೆಂಟರಲ್ಲಿಗೆ ಕಳಿಸಿದರು. ಹುಡುಗಿ ಅಳುತ್ತಲೇ ಹೋದಳಂತೆ. ಅಲ್ಲಿ ಜ್ವರ ಬಂದು, ಆ ತಿಂಗಳಲ್ಲೇ ತೀರಿಕೊಂಡಳು. ಮಗ ತಾಯಿಯ ಜೊತೆ ಮಾತು ಬಿಟ್ಟು ವಿಜಯವಾಡಕ್ಕೆ ಹೋಗಿಬಿಟ್ಟ. ಅಂದಿನಿಂದ ಆ ಮನೆಯಲ್ಲಿ ಸೀತತ್ತೆ ಒಬ್ಬರೇ.

"ಈ ತಿಂಗಳು ಮನೆ ಅವಳ್ದು ಕಣೇ," ಎಂದು ಸೀತತ್ತೆ ಅಮ್ಮನಿಗೆ ಹೇಳಿದ್ದರು. "ಆವತ್ತು ಆಚೆ ಹೋಗ್ಬೇಕಿದ್ದೋಳು ನಾನು."

ಆ ಖಾಲಿ ಮನೆಯ ಮುಂದೆ ಆಷಾಢವಿಡೀ ರಂಗೋಲಿ ಇರುತ್ತಿತ್ತು. ಅವರೇ ಕಣ್ಣುತಪ್ಪಿಸಿ ಹಾಕಿ ಬರುತ್ತಾರೆಂದು ನಾವು ಅಂದುಕೊಂಡಿದ್ದೆವು. ಒಂದು ವರ್ಷ ಅವರಿಗೆ ಮೈ ಸುಡುವ ಜ್ವರ. ಅಮ್ಮ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಬೆಳಗ್ಗೆ ಹಾಲಿಗೆಂದು ಹೊರಟ ನಾನು ನೋಡಿದೆ. ಮಳೆಗೆ ಬೀದಿಯೆಲ್ಲ ತೊಯ್ದಿತ್ತು. ಆ ಬಾಗಿಲ ಮುಂದೆ ಮಾತ್ರ, ಆಗಷ್ಟೇ ಎಳೆದಂತೆ, ರಂಗೋಲಿ. ಓಡಿ ಬಂದು ಹೇಳಿದೆ. ಸೀತತ್ತೆ ಕಣ್ಣು ತೆರೆಯದೆ, ಅವಳ ಕೈ ಚೆಂದ ಅಲ್ವಾ ಎಂದರು.

ಮುಂದಿನ ಆಷಾಢಕ್ಕೆ ಅವರು ಬರಲೇ ಇಲ್ಲ. ಅಮ್ಮ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದಳು. ತೋಳುನೋವಿನಿಂದ ಸೀತತ್ತೆಗೆ ಕೈ ಮೇಲೆತ್ತಲಾಗುತ್ತಿರಲಿಲ್ಲ. ನಮ್ಮಲ್ಲಿದ್ದಾಗ ಅಮ್ಮನೇ ತಲೆ ಬಾಚುತ್ತಿದ್ದಳು. ಆವತ್ತು ಅವರ ಕೂದಲು ಎಣ್ಣೆ ಕುಡಿದು, ಬಿಗಿಯಾಗಿ ಜಡೆಯಾಗಿತ್ತು. ಅಮ್ಮ ಆ ಜಡೆಯನ್ನು ಮುಟ್ಟಿ ನೋಡಿದಳು.

"ಹೋಗ್ಬೇಡಿ ಅತ್ತೆ ಅಂದ್ಲು," ಎಂದರು ಅವರು, ಮೆಲ್ಲಗೆ. "ಹೆಂಗೆ ಬಿಟ್ಟು ಬರ್ಲಿ?"

ಆ ತಿಂಗಳೇ ಅಪ್ಪನಿಗೆ ಮತ್ತೆ ವರ್ಗವಾಯಿತು. ಹೊರಡುವ ದಿನ ಸೀತತ್ತೆ ಆಟೋ ತನಕ ಬಂದು ನನ್ನ ಕೆನ್ನೆ ಸವರಿದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಾತಿನ ನಡುವೆ ಯಾರೋ ಕರೆದವರಂತೆ ಮನೆಯ ಕಡೆ ತಿರುಗಿ, "ವಸ್ತುನ್ನಾನಮ್ಮಾ, ಬಂದೆ," ಎಂದರು. ನಮಗೆ ಏನೂ ಕೇಳಿಸಿರಲಿಲ್ಲ.

ಅವರಿನ್ನೂ ಮೆಟ್ಟಿಲು ಹತ್ತಿರಲಿಲ್ಲ, ಮುಚ್ಚಿದ್ದ ಬಾಗಿಲು ಒಳಗಿನಿಂದ ತೆರೆಯಿತು. ಅಮ್ಮ ನನ್ನ ಮುಖವನ್ನು ತನ್ನ ಸೆರಗಿಗೆ ಒತ್ತಿಕೊಂಡು, ಆಟೋದವನಿಗೆ ಬೇಗ ನಡೆಯಪ್ಪ ಎಂದಳು.